ಕೊಡಗಸನದ ತೊಗಟೆ, ಬಿಲ್ವದ ಎಳೆಗಾಯಿ: ಮುಂಬಯಿಯಲ್ಲೊಂದು ಪರೀಕ್ಷೆಯ ಚರಿತ್ರೆ

ಮಳೆಗಾಲ ಬಂತೆಂದರೆ ಸಾಂತಾಕ್ರೂಜಿನ ವಾಕೋಲಾ, ಕಲೀನಾಗಳ ಎಷ್ಟೋ ಕನ್ನಡ ಮನೆಗಳಲ್ಲಿ ಊರಿನಿಂದ ತಂದ ಪುಟ್ಟ ಪೊಟ್ಟಣವೊಂದು ಡಬ್ಬಿಯಿಂದ ಹೊರಬರುತ್ತದೆ. ಅದರಲ್ಲಿರುವುದು ಒಣಗಿಸಿಟ್ಟ ಕೊಡಗಸನದ ಹೂ. ತುಪ್ಪದಲ್ಲಿ ಹುರಿದು, ಜೀರಿಗೆ ತೆಂಗಿನಕಾಯಿಗಳೊಡನೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಹೊಟ್ಟೆ ಕೆಟ್ಟವರಿಗೆ ಇದು ಊಟವೂ ಹೌದು, ಮದ್ದೂ ಹೌದು. ಕೊಡಸಿಗೆ ಎಂದೂ ಕರೆಯಲಾಗುವ ಈ ಗಿಡವೇ ಸಂಸ್ಕೃತದ ಕುಟಜ, ಮರಾಠಿಯ ಕುಡಾ. ಅತಿಸಾರಕ್ಕೆ ಇದರ ತೊಗಟೆಯನ್ನು ಚರಕ, ಸುಶ್ರುತ ಇಬ್ಬರೂ ಹೇಳಿದ್ದಾರೆ. ಇಂದಿಗೂ ಅಂಗಡಿಯಲ್ಲಿ ಸಿಗುವ ಕುಟಜಾರಿಷ್ಟ ಆ ತೊಗಟೆಯಿಂದಲೇ ತಯಾರಾಗುತ್ತದೆ.

ಇಷ್ಟು ಹಳೆಯ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದೆಂದರೇನು? ಈ ಪ್ರಶ್ನೆಯ ಚರಿತ್ರೆಯಲ್ಲಿ ನಾವು ವಾಸಿಸುವ ನಗರಕ್ಕೆ ದೊಡ್ಡ ಪಾಲಿದೆ.

ಸಾಂತಾಕ್ರೂಜ್ ಎಂಬ ಹೆಸರೇ ಪೋರ್ತುಗೀಜರ ಕೊಡುಗೆ. 'ಪವಿತ್ರ ಶಿಲುಬೆ' ಎಂಬುದು ಅದರ ಅರ್ಥ. ಆ ಪೋರ್ತುಗೀಜರ ಕಾಲದಲ್ಲಿ, 1534ರಲ್ಲಿ ಗೋವೆಗೆ ಬಂದ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಸ್ವಾಧೀನದಲ್ಲಿ ಮುಂಬಯಿ ದ್ವೀಪವು ಕೆಲಕಾಲ ಗುತ್ತಿಗೆಯ ಮೇಲಿತ್ತು. ಇಲ್ಲಿನ ಮದ್ದುಗಳನ್ನು ಕುರಿತು ಅವನು ಸಂವಾದರೂಪದಲ್ಲಿ ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಮಲಬಾರಿನ ವೈದ್ಯರು ಆಮಶಂಕೆಗೆ ಕೊಡುತ್ತಿದ್ದ ಗಿಡವೊಂದಕ್ಕೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಅದು ಕುಟಜವೇ ಎಂದು ಮುಂದಿನ ವಿದ್ವಾಂಸರು ಗುರುತಿಸಿದರು. ಮುಂದಿನ ಶತಮಾನದಲ್ಲಿ ಡಚ್ಚರ ಫಾನ್ ರೀಡ್ ಹೊರತಂದ 'ಹೊರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟದಲ್ಲಿ (1678) ಇದೇ ಗಿಡ 'ಕೊಡಗಪಾಲ'ವೆಂಬ ಹೆಸರಿನಲ್ಲಿ ಚಿತ್ರಸಮೇತ ಕಾಣಿಸಿಕೊಂಡಿತು. ಆ ಗ್ರಂಥಕ್ಕೆ ಮಾಹಿತಿಯಿತ್ತ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರ ಹೆಸರುಗಳು ಅದರಲ್ಲೇ ಉಳಿದಿವೆ.

ಇಲ್ಲಿಯವರೆಗೆ ನಡೆದದ್ದು ದಾಖಲಾತಿ. ಪ್ರಯೋಗಶಾಲೆಯ ಪರೀಕ್ಷೆ ಆರಂಭವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1858ರಲ್ಲಿ ಮುಂಬಯಿಯ ರಸಾಯನಜ್ಞ ಹೇನ್ಸ್ ಈ ತೊಗಟೆಯಿಂದ ಒಂದು ಕ್ಷಾರಸತ್ವವನ್ನು ಬೇರ್ಪಡಿಸಿದನು. ಕೊನೆಸಿನ್ ಎಂದು ಇಂದು ಕರೆಯುವುದು ಅದನ್ನೇ. ಆದರೆ ಅಷ್ಟರಲ್ಲಿ ಯುರೋಪಿನ ವೈದ್ಯರಲ್ಲಿ ಕುಟಜ ತನ್ನ ಹೆಸರನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. ಅದನ್ನೇ ಹೋಲುವ, ಅದೇ ಕುಟುಂಬದ ಬೆಪ್ಪಾಲೆಯ ತೊಗಟೆಯೂ ಪೇಟೆಯಲ್ಲಿ ಅದೇ ಹೆಸರಿನಿಂದ ಮಾರಾಟವಾಗುತ್ತಿತ್ತು. ಸಸ್ಯಶಾಸ್ತ್ರಜ್ಞರ ಪುಸ್ತಕಗಳಲ್ಲಿಯೂ ಎರಡೂ ಕಲೆತುಹೋಗಿದ್ದವು. ಬೇರೆ ತೊಗಟೆ ಕೊಟ್ಟು ಗುಣ ಕಾಣದಾದಾಗ ಕೆಟ್ಟ ಹೆಸರು ಬಂದುದು ಕುಟಜಕ್ಕೆ. ಮುಂಬಯಿಯ ಸರ್ಕಾರಿ ಔಷಧ ಉಗ್ರಾಣದ ಅಧಿಕಾರಿಯಾಗಿದ್ದ ವಿಲಿಯಂ ಡೈಮಾಕ್ ಇಬ್ಬರು ಸಹಲೇಖಕರೊಂದಿಗೆ ರಚಿಸಿದ 'ಫಾರ್ಮಕೊಗ್ರಾಫಿಯಾ ಇಂಡಿಕಾ' (1890–93) ಇಂಥ ಗೊಂದಲಗಳನ್ನು ಬಿಡಿಸುವ ದೊಡ್ಡ ಯತ್ನವಾಗಿತ್ತು.

ತುಳುನಾಡಿನಿಂದ ಬಂದವರಿಗೆ ಈ ಮಾತು ಬೇಗ ಮನದಟ್ಟಾದೀತು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕುಡಿಯುವ ಪಾಲೆಯ ಕೆತ್ತೆಯ ಕಷಾಯ ಆರೋಗ್ಯರಕ್ಷಕವೆಂದು ನಂಬಿಕೆ. ಕತ್ತಲಲ್ಲಿ ಮರ ತಪ್ಪಿ ಕಾಸರ್ಕದ ಕೆತ್ತೆ ಬಂದರೆ ಅದೇ ಕಷಾಯ ಪ್ರಾಣಾಂತಿಕ. ಗಿಡವನ್ನು ಗುರುತಿಸುವುದು ಪರೀಕ್ಷೆಯ ಮೊದಲ ಮೆಟ್ಟಿಲು. ತೊಗಟೆಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಅದರ ಜಾತಿಯನ್ನು ನಿರ್ಣಯಿಸುವುದು ಇಂದು ಫಾರ್ಮಸಿ ಕಾಲೇಜುಗಳ ಸಾಮಾನ್ಯ ಪಾಠ. ಅಂಥ ಕಾಲೇಜೊಂದು ನಮ್ಮ ಕಲೀನಾದಲ್ಲಿಯೇ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. ರೋಗಾಣುವಿನ ಸಿದ್ಧಾಂತ ಅಷ್ಟರಲ್ಲಿ ನೆಲೆಯೂರಿತ್ತು. ಆದ್ದರಿಂದ 'ಈ ಗಿಡ ರೋಗಾಣುವನ್ನು ಕೊಲ್ಲುತ್ತದೆಯೆ?' ಎಂದು ಎಲ್ಲರೂ ಕೇಳತೊಡಗಿದರು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಕುಟಜದ ಸತ್ವಗಳನ್ನು ಅಮೀಬಾದ ಆಮಶಂಕೆಗೆ ಕೊಟ್ಟು ನೋಡಿದರು. ಈ ಪ್ರಶ್ನೆಗೆ ಕುಟಜ ಹೌದೆಂಬ ಉತ್ತರ ಕೊಟ್ಟಿತು. ಹೃದಯಕ್ಕೆ ಅಪಾಯಕಾರಿಯಾದ ಎಮೆಟಿನ್‌ಗೆ ಪರ್ಯಾಯವಾಗಿ ಕೆಲವು ದಶಕ ಬಳಕೆಯಲ್ಲಿಯೂ ಇತ್ತು. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದ ಮೇಲೆ ಹಿಂದೆ ಸರಿಯಿತು.

ಪರೀಕ್ಷೆಯೆಂದರೆ ಇಲ್ಲವೆಂಬ ಉತ್ತರವನ್ನೂ ಒಪ್ಪಿಕೊಳ್ಳುವುದು. ಪರೇಲಿನ ಹಾಫ್ಕಿನ್ ಸಂಸ್ಥೆಗೆ ಸಂಬಂಧಿಸಿದ ಮ್ಹಾಸ್ಕರ್ ಮತ್ತು ಕೇಯಸ್ ಹಾವಿನ ಕಡಿತಕ್ಕೆ ಮದ್ದೆಂದು ಹೆಸರಾದ ನೂರಾರು ಗಿಡಗಳನ್ನು ಪರೀಕ್ಷಿಸಿ, ಯಾವುದೂ ವಿಷಕ್ಕೆ ಪ್ರತಿಕಾರವಲ್ಲವೆಂದು 1931ರಲ್ಲಿ ವರದಿ ಮಾಡಿದರು. ನಂಬಿಕೆ ಎಷ್ಟೇ ಹಳೆಯದಾದರೂ ಆ ಉತ್ತರ ಬದಲಾಗದು.

ಆದರೆ ಭೇದಿಯ ಗಿಡಗಳ ವಿಷಯದಲ್ಲಿ 'ಕೊಲ್ಲುತ್ತದೆಯೆ?' ಎಂಬ ಒಂದೇ ಪ್ರಶ್ನೆ ಸಾಲದೆಂದು ತೋರಿಸಿಕೊಟ್ಟುದು ವರಳಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್. ಶಸ್ತ್ರವೈದ್ಯ ನೋಶಿರ್ ಆಂಟಿಯಾ 1970ರ ದಶಕದಲ್ಲಿ ಕಟ್ಟಿದ ಸಂಸ್ಥೆಯಿದು. ಪುಣೆ ಸಮೀಪದ ಪರಿಂಚೆ ಕಣಿವೆಯಿಂದ ಗಿಡಗಳನ್ನು ತಂದು ತನಾಜ್ ಬಿರ್ಡಿ, ಪೂನಂ ದಾಸ್ವಾನಿ, ಬ್ರಿಜೇಶ್ ಮೊದಲಾದವರು ಇಲ್ಲಿ ಪರೀಕ್ಷಿಸಿದರು. ಅವರು ತಯಾರಿಸಿದ್ದು ಮದ್ಯಸಾರದ ಅರ್ಕವನ್ನಲ್ಲ. ಹಳ್ಳಿಯವರು ಮಾಡುವಂತೆ ನೀರಿನಲ್ಲಿ ಕುದಿಸಿದ ಕಷಾಯವನ್ನು.

2009ರಲ್ಲಿ ಪ್ರಕಟವಾದ ಅವರ ಬಿಲ್ವದ ಎಳೆಗಾಯಿಯ ಅಧ್ಯಯನ ಇಲ್ಲಿ ಮುಖ್ಯವಾದುದು. ಕಷಾಯವು ಜಿಯಾರ್ಡಿಯಾ ಪರೋಪಜೀವಿಯನ್ನೂ ರೋಟಾವೈರಸ್ಸನ್ನೂ ನಾಶಮಾಡಿತು. ಆದರೆ ಪರೀಕ್ಷಿಸಿದ ಆರು ಬ್ಯಾಕ್ಟೀರಿಯಾ ತಳಿಗಳಲ್ಲಿ ಒಂದೂ ಸಾಯಲಿಲ್ಲ. ಹಳೆಯ ಅಳತೆಗೋಲಿನಲ್ಲಿ ಕಡತ ಅಲ್ಲಿಗೇ ಮುಚ್ಚಬೇಕಿತ್ತು. ಇವರು ಮುಂದಿನ ಪ್ರಶ್ನೆಗಳನ್ನು ಕೇಳಿದರು. ಭೇದಿ ಬರುವುದು ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕಲ್ಲ. ಅದು ಕರುಳಿನ ಕೋಶಕ್ಕೆ ಅಂಟಿಕೊಳ್ಳಬೇಕು, ಇಲ್ಲವೆ ಒಳನುಗ್ಗಬೇಕು, ಇಲ್ಲವೆ ಅದು ಸ್ರವಿಸಿದ ವಿಷ ಕರುಳಿನ ಗೋಡೆಗೆ ತಗುಲಬೇಕು. ಈ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದಾಗ, ಬಿಲ್ವದ ಕಷಾಯದಿಂದ ಅಂಟುವಿಕೆಯೂ ನುಗ್ಗುವಿಕೆಯೂ ಗಣನೀಯವಾಗಿ ಕುಗ್ಗಿದವು. ಕಾಲರಾ ವಿಷದ ಉತ್ಪತ್ತಿಗೂ ಅದು ತಗುಲುವುದಕ್ಕೂ ತಡೆಯುಂಟಾಯಿತು. ಇ. ಕೋಲೈನ ಇನ್ನೊಂದು ಬಗೆಯ ವಿಷದ ಮೇಲೆ ಮಾತ್ರ ಯಾವ ಪರಿಣಾಮವೂ ಆಗಲಿಲ್ಲ, ಅದನ್ನೂ ಅವರು ಬರೆದಿಟ್ಟರು. ಕೊಲ್ಲದ ಮದ್ದಿಗೆ ಇನ್ನೊಂದು ಬೆಲೆಯೂ ಇದೆ. ರೋಗಾಣುವಿಗೆ ಬದುಕಲು ಬಿಟ್ಟು ಕೇಡು ಮಾಡಲು ಬಿಡದ ಔಷಧದ ವಿರುದ್ಧ ಪ್ರತಿರೋಧ ಬೆಳೆಯುವ ಒತ್ತಡ ಕಡಿಮೆಯಿರಬಹುದು ಎಂಬ ನಿರೀಕ್ಷೆ ಆ್ಯಂಟಿಬಯೋಟಿಕ್‌ಗಳು ಸೋಲುತ್ತಿರುವ ಈ ದಿನಗಳಲ್ಲಿ ಸಣ್ಣದಲ್ಲ.

ಗಾಜಿನ ನಳಿಕೆಯಿಂದ ರೋಗಿಯ ಹಾಸಿಗೆಗೆ ಇರುವ ದಾರಿ ದೂರ. ಬಹುಪಾಲು ಗಿಡಗಳು ಅದನ್ನು ಕ್ರಮಿಸುವುದೇ ಇಲ್ಲ. ಇದೇ ತಂಡ ಅಧ್ಯಯನ ಮಾಡಿದ ಪೇರಳೆ ಎಲೆ ಕ್ರಮಿಸಿತು. ತೀವ್ರ ಭೇದಿಯ ನೂರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಹತ್ತು ಎಲೆಗಳ ಕಷಾಯವನ್ನು ದಿನಕ್ಕೆ ಮೂರು ಬಾರಿ ಕುಡಿದವರು 72 ಗಂಟೆಗಳಲ್ಲಿ ಸಹಜಸ್ಥಿತಿಗೆ ಮರಳಿದರೆ, ಹೋಲಿಕೆಯ ಗುಂಪಿಗೆ 120 ಗಂಟೆ ಹಿಡಿಯಿತು. ಒಂದೇ ಪ್ರಯೋಗದಿಂದ ಮಾತು ಮುಗಿಯುವುದಿಲ್ಲ. ಯಾರು ಏನನ್ನು ಕುಡಿಯುತ್ತಿದ್ದಾರೆಂಬುದು ರೋಗಿಗೂ ವೈದ್ಯರಿಗೂ ತಿಳಿದಿದ್ದ ಪ್ರಯೋಗವದು, ಮಕ್ಕಳು ಅದರಲ್ಲಿರಲಿಲ್ಲ. ಭೇದಿಯಿಂದ ಸಾಯುವವರಲ್ಲಿ ಮಕ್ಕಳೂ ಬಹಳ ಮಂದಿ. ಅವರ ಪ್ರಾಣ ಹೋಗುವುದು ನೀರು, ಲವಣ ಬತ್ತಿ. ಅದಕ್ಕೆ ಉತ್ತರ 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಕೈಗೊಂಡ ಉಪ್ಪು–ಸಕ್ಕರೆ ದ್ರಾವಣ. ಯಾವ ಕಷಾಯವೂ ಅದರ ಸ್ಥಾನವನ್ನು ತುಂಬಲಾರದು.

ನಮ್ಮಲ್ಲಿ ಒಂದು ಪಂಗಡಕ್ಕೆ ಹಳೆಯದೆಲ್ಲವೂ ಸಿದ್ಧ ಸತ್ಯ, ಇನ್ನೊಂದಕ್ಕೆ ಹಳೆಯದೆಲ್ಲವೂ ಮೌಢ್ಯ. ಎರಡಕ್ಕೂ ಪರೀಕ್ಷೆಯ ಶ್ರಮ ಬೇಡ. ವರಳಿಯವರ ಬಿಲ್ವದ ಕಡತ ಈ ಇಬ್ಬರಿಗೂ ಅನಾನುಕೂಲದ್ದು. ಅಜ್ಜಿಯರು ಹೇಳುತ್ತಿದ್ದುದರಲ್ಲಿ ಹುರುಳಿತ್ತೆಂದು ಅದು ತೋರಿಸಿತು, ಎಲ್ಲಿಯವರೆಗೆ ಮಾತ್ರ ಇತ್ತೆಂಬುದನ್ನೂ ತೋರಿಸಿತು. ಕುಟಜಕ್ಕೆ, ಕೊನ್ನಾರಿಗೆಡ್ಡೆಗೆ, ನಮ್ಮ ಅಡುಗೆಮನೆಯ ಇನ್ನೂ ಹತ್ತಾರು ಮದ್ದುಗಳಿಗೆ ಸಲ್ಲಬೇಕಾದ ಗೌರವ ಇಂಥದೇ. ಗಿಡ ಯಾವುದೆಂದು ಖಚಿತಪಡಿಸಿಕೊಂಡು, ಕೇಳಬೇಕಾದ ಪ್ರಶ್ನೆಯನ್ನು ಕೇಳಿ, ಬಂದ ಉತ್ತರವನ್ನು ಬಂದಂತೆ ಬರೆದಿಡುವ ಈ ಕೆಲಸ ಮುಂಬಯಿಯಲ್ಲಿ ನಡೆದಿದೆ. ಊರುಗಳಲ್ಲಿ ಗಿಡ ಬಲ್ಲವರು ಇನ್ನೂ ಇರುವಾಗಲೇ ಅದು ಕರಾವಳಿ ಮಲೆನಾಡುಗಳ ಮದ್ದುಗಳಿಗೂ ವಿಸ್ತರಿಸಬೇಕಾಗಿದೆ.