ರೋಮ್‌ನ ಗೆಳೆಯರು

ಹ್ಯಾನಿಬಲ್ ಹೆಸರು ಎಲ್ಲರಿಗೂ ಗೊತ್ತು, ಆನೆಗಳ ಜೊತೆ ಆಲ್ಪ್ಸ್ ದಾಟಿದವನು. ಆದರೆ ಕ್ರಿ.ಪೂ. 202ರಲ್ಲಿ ಝಾಮಾದಲ್ಲಿ ಅವನನ್ನು ಸೋಲಿಸಿದ್ದು ರೋಮನ್ನರಷ್ಟೇ ಅಲ್ಲ. ಹಿಂದಿನಿಂದ ಬಂದು ಅವನ ಸೈನ್ಯದ ಮೇಲೆ ಬಿದ್ದ ಕುದುರೆ ಪಡೆಯಲ್ಲಿ ಮಸಿನಿಸ್ಸಾನ ಸವಾರರೂ ಇದ್ದರು. ಈ ಮಸಿನಿಸ್ಸಾ ಆಫ್ರಿಕಾದವನೇ, ನುಮಿಡಿಯಾದ ರಾಜ. ಇವತ್ತಿನ ಅಲ್ಜೀರಿಯಾದ ಉತ್ತರ ಭಾಗ, ಟ್ಯುನೀಷಿಯಾದ ಒಂದಷ್ಟು ನೆಲ ಸೇರಿದರೆ ಅದೇ ನುಮಿಡಿಯಾ.

ಮಜಾ ಏನಂದ್ರೆ, ಇವನು ಮೊದಲು ಕಾರ್ತೇಜ್ ಪರವಾಗಿ ಸ್ಪೇನಿನಲ್ಲಿ ರೋಮನ್ನರ ವಿರುದ್ಧ ಹೋರಾಡಿದ್ದ. ಇವನ ಎದುರಾಳಿ, ಇನ್ನೊಬ್ಬ ನುಮಿಡಿಯನ್ ರಾಜ ಸೈಫಾಕ್ಸ್, ಆಗ ರೋಮ್‌ನ ಗೆಳೆಯ. ಆಮೇಲೆ ಇಬ್ಬರೂ ಪಕ್ಷ ಬದಲಿಸಿದರು. ಸೈಫಾಕ್ಸ್ ಸೆರೆಸಿಕ್ಕು ಇಟಲಿಯಲ್ಲಿ ಸತ್ತ. ಮಸಿನಿಸ್ಸಾನಿಗೆ ರಾಜ್ಯ ಸಿಕ್ಕಿತು.

ನನಗೆ ಯುದ್ಧಕ್ಕಿಂತ ಅದಾದ ಮೇಲಿನ ಒಪ್ಪಂದವೇ ಹೆಚ್ಚು ಕುತೂಹಲದ್ದು. ನಾವೆಲ್ಲ ಓದದೇ ಒಪ್ಕೊಳ್ತೀವಲ್ಲ, ಆ ಥರದ ಷರತ್ತುಗಳು. ಒಂದು: ರೋಮ್‌ನ ಅನುಮತಿ ಇಲ್ಲದೆ ಕಾರ್ತೇಜ್ ಯುದ್ಧ ಮಾಡುವಂತಿಲ್ಲ. ಎರಡು: ಮಸಿನಿಸ್ಸಾನ ಪೂರ್ವಜರ ನೆಲವನ್ನು ಅವನಿಗೆ ಬಿಟ್ಟುಕೊಡಬೇಕು. ಯಾವ ನೆಲ ಪೂರ್ವಜರದು ಅನ್ನೋದೇ ಜಗಳ. ಮಸಿನಿಸ್ಸಾ ವರ್ಷ ವರ್ಷವೂ ಗಡಿ ಒತ್ತಿಕೊಂಡು ಬಂದ. ಕಾರ್ತೇಜ್ ರೋಮ್‌ಗೆ ದೂರು ಕೊಡ್ತಾ ಹೋಯಿತು. ಪಂಚಾಯ್ತಿಗೆ ಬಂದ ರೋಮನ್ನರ ತೀರ್ಪು ಸಾಮಾನ್ಯವಾಗಿ ಮಸಿನಿಸ್ಸಾನ ಕಡೆಗೇ ವಾಲುತ್ತಿತ್ತು.

ಐವತ್ತು ವರ್ಷ ಸಹಿಸಿದ ಕಾರ್ತೇಜ್ ಕೊನೆಗೆ ಕತ್ತಿ ಎತ್ತಿ, ಮಸಿನಿಸ್ಸಾನ ಕೈಲೇ ಸೋತಿತು. ಒಪ್ಪಂದ ಮುರಿದಿರಿ ಅಂತ ರೋಮ್ ಕ್ರಿ.ಪೂ. 149ರಲ್ಲಿ ದಂಡೆತ್ತಿ ಬಂತು. ಮರುವರ್ಷ ಮಸಿನಿಸ್ಸಾ ತೀರಿಕೊಂಡ, ವಯಸ್ಸು ಸುಮಾರು 90. 146ರಲ್ಲಿ ಕಾರ್ತೇಜ್ ಸುಟ್ಟುಹೋಯಿತು. ಅವನು ಜೀವನಪೂರ್ತಿ ಕಣ್ಣಿಟ್ಟಿದ್ದ ನೆಲದಲ್ಲಿ ಉಳಿದದ್ದು ರೋಮ್‌ನ ಪ್ರಾಂತ್ಯವಾಯಿತು. ಬಡಕಲಾಗಿದ್ದ ನೆರೆಮನೆಯವನು ಹೋಗಿ, ಊರಿಗೇ ದೊಡ್ಡವನು ಪಕ್ಕದಲ್ಲಿ ಬಂದು ಕೂತಂಗಾಯ್ತು.

ಮಸಿನಿಸ್ಸಾನ ಮೊಮ್ಮಗ ಜುಗುರ್ತಾ. ಸ್ಪೇನಿನ ನುಮಾಂಟಿಯಾ ಮುತ್ತಿಗೆಯಲ್ಲಿ ರೋಮನ್ನರ ಪಕ್ಕದಲ್ಲೇ ನಿಂತು ಅವರ ಯುದ್ಧ ಕಲೆಯನ್ನು, ಲಂಚದ ದಾರಿಯನ್ನು ಚೆನ್ನಾಗಿ ಕಲಿತವನು. ಅದೇ ವಿದ್ಯೆಯಿಂದ ರೋಮನ್ನರನ್ನು ವರ್ಷಗಟ್ಟಲೆ ಸತಾಯಿಸಿದ. ಕ್ರಿ.ಪೂ. 105ರಲ್ಲಿ ಅವನನ್ನು ಹಿಡಿದುಕೊಟ್ಟಿದ್ದು ಹೆಣ್ಣು ಕೊಟ್ಟ ಮಾವ, ಮೌರಿಟಾನಿಯಾದ ರಾಜ ಬೊಕ್ಕಸ್. ಅಳಿಯ ರೋಮ್‌ನ ಸೆರೆಯಲ್ಲಿ ಸತ್ತ. ಮಾವನಿಗೆ ನುಮಿಡಿಯಾದ ಒಂದು ಪಾಲು, ಜೊತೆಗೆ ರೋಮ್‌ನ ಗೆಳೆಯ ಅನ್ನೋ ಬಿರುದು.

ಇವರನ್ನೆಲ್ಲ ದ್ರೋಹಿಗಳು ಅನ್ನೋದು ಸುಲಭ. ಆದರೆ ಆಗ ಆಫ್ರಿಕಾ ಅನ್ನೋ ಒಂದು ದೇಶವೇ ಇರಲಿಲ್ಲ. ಪ್ರತಿಯೊಬ್ಬನಿಗೂ ಪಕ್ಕದವನೇ ಮೊದಲ ಶತ್ರು. ಒಬ್ಬೊಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇತ್ತು. ಎಲ್ಲರ ಲೆಕ್ಕ ಕೂಡಿಸಿದಾಗ ಮಾತ್ರ ಉತ್ತರ ರೋಮ್ ಅಂತ ಬರುತ್ತಿತ್ತು.

ಮಸಿನಿಸ್ಸಾನ ವಂಶದ ಟಾಲೆಮಿ ಮೌರಿಟಾನಿಯಾವನ್ನು ಆಳುತ್ತಿದ್ದಾಗ, ಕ್ರಿ.ಶ. 24ರಲ್ಲಿ, ಯುದ್ಧದಲ್ಲಿ ನೆರವಾದದ್ದಕ್ಕೆ ಸೆನೆಟ್ ದಂತದ ರಾಜದಂಡ ಕಳಿಸಿ ಅವನನ್ನು ‘ರಾಜ, ಮಿತ್ರ, ಗೆಳೆಯ’ ಎಂದು ಕರೆಯಿತು. 40ರಲ್ಲಿ ಚಕ್ರವರ್ತಿ ಕಲಿಗುಲಾ ಅವನನ್ನು ಕೊಲ್ಲಿಸಿದ. ಕೆಲವೇ ವರ್ಷಗಳಲ್ಲಿ ಅವನ ರಾಜ್ಯ ರೋಮ್‌ನ ಎರಡು ಪ್ರಾಂತ್ಯಗಳಾಗಿತ್ತು.