ಸೋಮೇಶ್ವರನ ಪಾಕಶಾಲೆಯಲ್ಲಿ ಕಾಡುಹಂದಿ

ಕಲಬುರಗಿಯ ಮೋಮಿನಪುರದಲ್ಲಿ ಕುರಿ ಕೋಳಿಗಳ ಮಾಂಸವು ಕೆಂಡದ ಮೇಲೆ ಸೀಕುಗಳಲ್ಲಿ ಬೇಯುತ್ತದೆ. ಹಂದಿಯ ಮಾಂಸವು ಅಲ್ಲಿ ನಿಷಿದ್ಧ. ಅದೇ ನಗರದ ಲಿಂಗಾಯತ ಮತ್ತು ಜೈನ ಮನೆಗಳಲ್ಲಿ ಯಾವ ಮಾಂಸವೂ ಸಲ್ಲದು. ಇಲ್ಲಿಂದ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಒಂದು ದಿನದೊಳಗೆ ಹೋಗಿಬರಬಹುದಾದ ಕಲ್ಯಾಣದಲ್ಲಿ, ಒಂಬತ್ತು ಶತಮಾನಗಳ ಹಿಂದೆ, ಕಾಡುಹಂದಿಯನ್ನು ಹದಗೊಳಿಸಿ ಬೇಯಿಸುವ ಕ್ರಮವು ಅರಸನ ಹೆಸರಿನಲ್ಲಿಯೇ ಶ್ಲೋಕಬದ್ಧವಾಯಿತೆಂದರೆ ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಬಳಿಕ, ಚಾಲುಕ್ಯರ ಲಾಂಛನವೇ ವರಾಹವಾಗಿರಲು ಇದು ಹೇಗೆ ಸಂಭವಿಸಿತೆಂದು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ. ಈ ಭಾಗವನ್ನು ಬಿಟ್ಟು ಮುಂದಕ್ಕೆ ಸಾಗುವ ಸಂಕೋಚವು ನಮ್ಮಲ್ಲಿಯೂ ಕೆಲಕಾಲ ಇದ್ದಿತೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಪ್ರಕೃತ ಗ್ರಂಥವು ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿ. ಇದರ ಕರ್ತೃವೆನಿಸಿದ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ರಚನೆಯ ಕಾಲ 1129ರ ಸುಮಾರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಕೃತಿಯ ಮೂರನೆಯ ವಿಂಶತಿಯಲ್ಲಿ ಅನ್ನಭೋಗವೂ ನಾಲ್ಕನೆಯದರಲ್ಲಿ ಬೇಟೆಯೇ ಮೊದಲಾದ ವಿನೋದಗಳೂ ನಿರೂಪಿತವಾಗಿವೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಶ್ರೀಗೊಂಡೇಕರರು ಇದನ್ನು 1925ರಿಂದ ಸಂಪಾದಿಸಿ ಪ್ರಕಟಿಸಿದರು.

ಹಂದಿಯ ಕೂದಲನ್ನು ತೆಗೆಯುವುದೇ ಪಾಕದ ಮೊದಲ ಕೆಲಸ. ಅದಕ್ಕೆ ಗ್ರಂಥವು ಎರಡು ಉಪಾಯಗಳನ್ನು ಹೇಳುತ್ತದೆ. ಒಂದು, ಮೈಗೆ ಬಿಳಿಯ ಬಟ್ಟೆಯನ್ನು ಹೊದಿಸಿ ಅದರ ಮೇಲೆ ಕುದಿನೀರನ್ನು ಸುರಿದು, ಸಡಿಲವಾದ ಕೂದಲನ್ನು ಕೈಯಿಂದ ಕೀಳುವುದು. ಇನ್ನೊಂದು, ಮೈಗೆಲ್ಲ ಮಣ್ಣನ್ನು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಡುವುದು. ಈ ವಿವರಗಳನ್ನು ಅಡುಗೆಮನೆಯ ಕ್ಷುಲ್ಲಕ ಸಂಗತಿಗಳೆಂದು ತಳ್ಳಿಹಾಕುವಂತಿಲ್ಲ. ಬಟ್ಟೆಯು ನೀರಿನ ಬಿಸಿಯನ್ನು ಹಿಡಿದಿಟ್ಟು ಮೈಗೆಲ್ಲ ಸಮನಾಗಿ ಹರಡುತ್ತದೆ; ಬರಿಯ ಕುದಿನೀರು ಒಂದೆಡೆ ಬಿದ್ದರೆ ಅಲ್ಲಿಯ ತೊಗಲು ಬೆಂದು, ಕೂದಲು ಮಾತ್ರ ಕಚ್ಚಿಕೊಂಡೇ ಉಳಿಯುತ್ತದೆ. ಹುಲ್ಲಿನ ಉರಿಯಾದರೋ ಕ್ಷಣಕಾಲದ್ದು. ಮಣ್ಣಿನ ಲೇಪವಿರಲು ಅದು ಒಳಗಣ ಮಾಂಸವನ್ನು ಕೆಡಿಸದು. ಇಷ್ಟು ಶ್ರಮವೇಕೆ? ತೊಗಲನ್ನು ಬಿಸುಡುವುದಾಗಿದ್ದರೆ ಸುಲಿದುಬಿಡುವುದೇ ಸುಲಭವಾಗಿತ್ತು. ಆದುದರಿಂದ ತೊಗಲನ್ನೂ ಅದರ ಕೆಳಗಿನ ಕೊಬ್ಬನ್ನೂ ಉಳಿಸಿಕೊಂಡು ತಿನ್ನುತ್ತಿದ್ದರೆಂದು ನಾವು ಊಹಿಸುತ್ತೇವೆ. ಪಕ್ಕೆಲುಬಿನ ಭಾಗದಲ್ಲಿ ತೊಗಲು, ಕೊಬ್ಬು, ಮಾಂಸ, ಎಲುಬುಗಳು ಪದರಪದರವಾಗಿ ಕೂಡಿರುವುದರಿಂದ ಈ ಶ್ರಮದ ಫಲವು ಅಲ್ಲಿಯೇ ಹೆಚ್ಚು.

ಹೀಗೆ ಹದಗೊಳಿಸಿದ ಮಾಂಸವನ್ನು ತುಂಡರಿಸಿ, ಸುಟ್ಟು, ಹುಳಿರಸ, ಉಪ್ಪು, ಮೆಣಸುಗಳನ್ನು ಕೂಡಿಸಿದರೆ ಅದು ಶುಂಠಕ. ಇಲ್ಲಿ ಮೆಣಸೆಂದರೆ ಕರಿಯ ಮೆಣಸು; ಮೆಣಸಿನಕಾಯಿ ನಮ್ಮ ನಾಡಿಗೆ ಬಂದುದು ಪೋರ್ಚುಗೀಸರ ತರುವಾಯ. ತಾಳೆಗರಿಯಂತೆ ತೆಳುವಾಗಿ ಸೀಳಿದ ಪಟ್ಟಿಗಳಿಗೆ ಚಕ್ಕಲಿಕೆಯೆಂದು ಹೆಸರು. ಅವಕ್ಕೆ ಮೊಸರು ಅಥವಾ ಹುಳಿರಸ ಮತ್ತು ಸಾಸಿವೆಯ ಜೊತೆ.

ಇನ್ನು ಲಾಂಛನದ ಮಾತು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಷ್ಟು ಹಿಂದೆಯೇ ಭೂದೇವಿಯನ್ನೆತ್ತಿದ ವರಾಹಮೂರ್ತಿಯನ್ನು ಕಡೆಯಿಸಿದ ವಂಶವಿದು. ವರಾಹವೆಂಬ ಹೊನ್ನ ನಾಣ್ಯದ ಹೆಸರೂ ಈ ಲಾಂಛನದಿಂದಲೇ ಬಂದಿದೆ. ಪೂಜ್ಯವಾದುದು ಭೋಜ್ಯವಾಗಲಾರದೆಂಬ ನಿಯಮವನ್ನು ಅವರ ಮೇಲೆ ಹೇರುವವರು ನಾವು. ಅವರು ಗುರುತಿಸಿದ ಗೆರೆ ಬೇರೆಯೇ ಆಗಿತ್ತು. ಯಾಜ್ಞವಲ್ಕ್ಯಸ್ಮೃತಿಯು ಊರಹಂದಿಯನ್ನು ತಿಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಶ್ರಾದ್ಧದಲ್ಲಿ ಪಿತೃಗಳಿಗೆ ಸಲ್ಲುವ ಮಾಂಸಗಳ ಸಾಲಿನಲ್ಲಾದರೋ ವರಾಹವನ್ನು ಎಣಿಸುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಇದೇ ಕಲ್ಯಾಣದಲ್ಲಿ, ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಊರಿನ ಹೊಲಸನ್ನು ಮೇಯುವ ಪ್ರಾಣಿ ಬೇರೆ, ಕಾಡಿನ ಗೆಡ್ಡೆಗೆಣಸನ್ನು ಅಗೆಯುವ ಪ್ರಾಣಿ ಬೇರೆ ಎಂಬ ವಿವೇಚನೆಯು ಇದರ ಹಿಂದಿರಬೇಕು.

ಕಾಡುಹಂದಿಗೆ ಎದುರಾಳಿಯ ಗೌರವವೂ ಸಂದಿತ್ತು. ಮಳಖೇಡದ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಮಣಲೆರನು ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಿರಿಯ ಹಂದಿಯೊಂದರೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಮದ್ದೂರು ಬಳಿಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ಎರಡರ ರೂಪಗಳನ್ನೂ ಕಂಡರಿಸಿದೆ. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪವು ತಟ್ಟುವುದೆಂದೂ ಶಾಸನವು ಹೇಳುತ್ತದೆ.

ಕನ್ನಡದ ಪಾಕಗ್ರಂಥಗಳಲ್ಲಿ ಇದಾವುದೂ ಕಾಣಿಸದು. ಮೂರನೆಯ ಮಂಗರಸನು ಜೈನನು. ಅವನ ಸೂಪಶಾಸ್ತ್ರದಲ್ಲಿ ಮಾಂಸಕ್ಕೆ ಎಡೆಯಿಲ್ಲ. ಅದೊಂದನ್ನೇ ಓದಿ ಕನ್ನಡನಾಡು ಹಿಂದೆ ಏನನ್ನು ಉಣ್ಣುತ್ತಿತ್ತೆಂದು ನಿರ್ಣಯಿಸುವವರು ಗ್ರಂಥಕರ್ತನ ವ್ರತವನ್ನೇ ನಾಡಿನ ಊಟವೆಂದು ಭ್ರಮಿಸುತ್ತಾರೆ. ಕೊಡಗಿನಲ್ಲಿ ಹಂದಿಯ ಮಾಂಸವನ್ನು ಇಂದಿಗೂ ತೊಗಲು ಕೊಬ್ಬುಗಳ ಸಹಿತವಾಗಿ ಹುರಿದ ಮಸಾಲೆ, ಕರಿಮೆಣಸು, ಕಾಚಂಪುಳಿಗಳೊಡನೆ ಬೇಯಿಸುತ್ತಾರೆ. ಕಲ್ಯಾಣಕ್ಕೂ ಕೊಡಗಿಗೂ ನೇರವಾದ ಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಆದರೂ ತೊಗಲು, ಮೆಣಸು, ಹುಳಿ ಈ ಮೂರರ ಕೂಟವು ಗಮನಾರ್ಹವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಾಡುಹಂದಿಯ ಬೇಟೆಯು ಅಪರಾಧವಾಗಿದೆ. ಸ್ಮೃತಿಕಾರರು ಒಪ್ಪಿದ್ದನ್ನು ಕಾನೂನು ತಡೆದಿದೆ, ಅವರು ತಡೆದಿದ್ದನ್ನು ಒಪ್ಪಿದೆ. ಸೋಮೇಶ್ವರನ ಬಟ್ಟೆ ಕುದಿನೀರುಗಳ ಉಪಾಯವನ್ನು ಪರೀಕ್ಷಿಸಬಯಸುವವರು ಸಾಕಿದ ಹಂದಿಯ ಪಕ್ಕೆಲುಬಿನಿಂದಲೇ ತೃಪ್ತರಾಗಬೇಕು.