ಹಣೆಯ ಚರ್ಮದ ಮೂಗು: ಮನೂಚಿಯ ಸಾಕ್ಷ್ಯದ ಮರುಪರಿಶೀಲನೆ

ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಶಸ್ತ್ರವಿದ್ಯೆಯ ಚರಿತ್ರೆ ಬರೆಯುವಾಗ ನಮ್ಮವರು ಸುಶ್ರುತನಿಂದ ಪುಣೆಗೆ ಒಂದೇ ನೆಗೆತಕ್ಕೆ ಹಾರುತ್ತಾರೆ. ಹಣೆಯ ಚರ್ಮ ಇಳಿಸುವ ವಿಧಾನವನ್ನು ಸುಶ್ರುತನೇ ಹೇಳಿದ್ದ, 1794ರಲ್ಲಿ ಇಂಗ್ಲಿಷರ ಕಣ್ಣಿಗೆ ಬಿದ್ದದ್ದು ಅದೇ ಎಂಬ ಮಾತು ಭಾಷಣದಿಂದ ಭಾಷಣಕ್ಕೆ ದಾಟುತ್ತ ಬಂದಿದೆ. ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವನ್ನು ತೆರೆದವರಿಗೆ ಬೇರೆಯದೇ ಕಾಣುತ್ತದೆ: ಅಳತೆಗೆ ಮರದ ಎಲೆ, ಚರ್ಮ ಕೆನ್ನೆಯದು. ಈ ವಿಧಿಯಲ್ಲಿ ಹಣೆಯ ಪ್ರಸ್ತಾಪವಿಲ್ಲ.

ಗೊಂದಲದ ಮೂಲ ಯುರೋಪಿನದು. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿ, 1816ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಅಲ್ಲಿ ಅದಕ್ಕೆ 'ಭಾರತೀಯ ವಿಧಾನ' ಎಂಬ ಹೆಸರು ನಿಂತಿತು. ಆ ಹಣೆಪಟ್ಟಿಯನ್ನು ನಾವು ಹಿಂದಕ್ಕೊಯ್ದು ಸುಶ್ರುತನಿಗೆ ಅಂಟಿಸಿದೆವು. (ಆತನ ಹಿರಿಮೆಗೆ ಕೆನ್ನೆಯ ಚರ್ಮವೇ ಸಾಕಿತ್ತು, ಹಣೆಯನ್ನು ಎರವಲು ಕೊಡುವ ಅಗತ್ಯವಿರಲಿಲ್ಲ.)

ಕಾರ್ಪ್ಯೂಗೆ ಪ್ರೇರಣೆಯಾದದ್ದು 1794ರ ಅಕ್ಟೋಬರಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಅಚ್ಚಾದ ಪತ್ರ. ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದ ತೆಳು ಹಾಳೆಯಿಂದ ಅಳತೆ ತೆಗೆದು, ಹಣೆಯ ಮೇಲೆ ಗೆರೆ ಎಳೆದು, ಚರ್ಮವನ್ನು ಬಿಡಿಸಿ ಮೂಗು ಕೂರಿಸಿದ. ಹುಬ್ಬುಗಳ ನಡುವೆ ರಕ್ತಸಂಚಾರಕ್ಕೆಂದು ಒಂದು ಎಳೆಯನ್ನು ಹಾಗೇ ಉಳಿಸಿ, ಸುಮಾರು 25ನೆಯ ದಿನ ಅದನ್ನು ಕತ್ತರಿಸಿದ. ಅಂಟಿಗೆ ಬಳಸಿದ್ದು ನೀರಿನಲ್ಲಿ ನೆನೆಸಿದ ಕಾಚು. ನಾಲ್ಕು ದಿನದ ಮೇಲೆ ತುಪ್ಪ ಹಚ್ಚಿದ ಬಟ್ಟೆ. ಇಲ್ಲಿ ಎಲೆಯೂ ಇಲ್ಲ, ಕೆನ್ನೆಯೂ ಇಲ್ಲ.

ಹಾಗಾದರೆ ಹಣೆಯ ವಿಧಾನದ ಹಳೆಯ ಸುಳಿವು ಎಲ್ಲಿದೆ? ವೆನಿಸ್ಸಿನ ನಿಕೊಲಾವ್ ಮನೂಚಿಯ 'ಸ್ತೋರಿಯಾ ದೊ ಮೊಗೊರ್'ನಲ್ಲಿ. ವಿಲಿಯಂ ಅರ್ವಿನ್ನನ ಇಂಗ್ಲಿಷ್ ಅನುವಾದ ಬಂದು ನೂರು ವರ್ಷ ಮೀರಿದರೂ ನಮ್ಮಲ್ಲಿ ಇದನ್ನು ಅರಮನೆಯ ಒಳಸುದ್ದಿಗಾಗಿ ಓದಿದವರೇ ಹೆಚ್ಚು. ಔರಂಗಜೇಬನೊಡನೆ ಕಾದುತ್ತಿದ್ದ ಬಿಜಾಪುರದವರು ಮೇವು ತರಲು ಹೋದ ಮೊಗಲ್ ಪಾಳೆಯದವರನ್ನು ಹಿಡಿದರೆ ಕೊಲ್ಲದೆ ಮೂಗು ಕೊಯ್ದು ಕಳಿಸುತ್ತಿದ್ದರಂತೆ. ಈ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಚರ್ಮವನ್ನು ಕೊಯ್ದು, ಕೆಳಕ್ಕಿಳಿಸಿ, ಹಸಿಮಾಂಸಕ್ಕೆ ಹಸಿಮಾಂಸ ತಾಗುವಂತೆ ಒಂದು ಸುತ್ತು ತಿರುಚಿ ಮೂಗು ಮಾಡುತ್ತಿದ್ದರು. ತಿರುಚಿದ ಕಡೆ, ಹುಬ್ಬುಗಳ ನಡುವೆ, ಸಣ್ಣ ತೂತೊಂದು ಉಳಿಯುತ್ತಿತ್ತು. ಇಂಥ ಮೂಗಿನ ಹಲವರನ್ನು ತಾನೇ ಕಂಡೆ ಎನ್ನುತ್ತಾನೆ ಮನೂಚಿ.

ಮನೂಚಿ ಉತ್ಪ್ರೇಕ್ಷೆಯವನು, ನಂಬಬಾರದು ಎಂಬ ಆಕ್ಷೇಪವಿದೆ. ದರ್ಬಾರಿನ ಕಥೆಗಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಆತ ವೈದ್ಯವೃತ್ತಿ ನಡೆಸಿದವನು. ಆ ತೂತು ಕಟ್ಟುಕಥೆಗೆ ಬೇಕಾಗುವ ವಿವರವೂ ಅಲ್ಲ. ಹಣೆಯ ಚರ್ಮವನ್ನು ಬುಡದಲ್ಲಿ ತಿರುಚದೆ ಅದರ ಹಸಿಮೈ ಮೂಗಿನ ಗಾಯಕ್ಕೆ ಕೂರುವುದಿಲ್ಲ, ತಿರುಚಿದರೆ ಬುಡದಲ್ಲಿ ಮಡಿಕೆ ಬೀಳದಿರುವುದಿಲ್ಲ. ಕೆನ್ನೆಯಿಂದ ತೆಗೆದ ಚರ್ಮ ಹುಬ್ಬುಗಳ ನಡುವೆ ಕಲೆ ಬಿಡಲಾರದು. ಶಸ್ತ್ರಕ್ರಿಯೆಯನ್ನು ಆತ ಯಾರಿಂದಲೋ ಕೇಳಿರಬಹುದು; ಕಲೆಯನ್ನು ಕಂಡಿದ್ದಾನೆ.

ಬಿಜಾಪುರ ಮೊಗಲರ ವಶವಾದದ್ದು 1686ರಲ್ಲಿ. ಎಂದರೆ ಪುಣೆಗಿಂತ ನೂರು ವರ್ಷ ಮೊದಲೇ ದಖ್ಖನಿನ ಪಾಳೆಯಗಳಲ್ಲಿ ಈ ವಿಧಾನ ರೂಢಿಯಲ್ಲಿತ್ತು. ಇದರಿಂದ ಆ ವೈದ್ಯರು ಕನ್ನಡಿಗರೆಂದು ಸಾರಲು ಹೊರಡುವವರಿಗೂ ಒಂದು ಮಾತು: ಮನೂಚಿ ಅವರ ಊರನ್ನಾಗಲಿ ಭಾಷೆಯನ್ನಾಗಲಿ ಹೇಳಿಲ್ಲ. ಮೂಗು ಕೊಯ್ದವರು ಬಿಜಾಪುರದವರು ಎಂಬುದಷ್ಟೇ ಖಚಿತ, ಅದು ಹೆಮ್ಮೆಪಡುವ ಸಂಗತಿಯೂ ಅಲ್ಲ. ಕೆನ್ನೆಯ ವಿಧಾನವೇ ಬಾಯಿಂದ ಬಾಯಿಗೆ ಬಂದು ಹಣೆಗೆ ಏರಿತು ಎಂಬ ಊಹೆ ಅಸಾಧ್ಯವಲ್ಲ. ಅದನ್ನು ಹೇಳುವವರು ನಡುವಿನ ಕೊಂಡಿ ತೋರಿಸಬೇಕು. ಅಲ್ಲಿಯವರೆಗೆ ಕೆನ್ನೆ ಸುಶ್ರುತನದು, ಹಣೆ ಹೆಸರು ತಿಳಿಯದ ಪಾಳೆಯದ ವೈದ್ಯರದು.